ತೂಕಡಿಕೆ, ಜೊಂಪು, ಕೋಳಿನಿದ್ದೆ: ಎಲ್ಲವೂ ಒಂದೇ ಏನು?

ಪ್ರಶ್ನೆ: ಏಳನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಶಾಲೆಯಲ್ಲಿ ‘ತೂಕಡಿಕೆ’ಗೆ ಸಮಾನಾರ್ಥಕ ಪದಗಳನ್ನು ಬರೆಯಲು ಹೇಳಿದ್ದರು. ಅವಳು ‘ಜೊಂಪು’, ‘ಕೋಳಿನಿದ್ದೆ’, ‘ಕಣ್ಣು ಹತ್ತುವುದು’ ಎಂದು ಬರೆದಳು. ಮೊದಲಿನ ಎರಡಕ್ಕೆ ಅಂಕ ಬಂತು. ಮೂರನೆಯದು ಆಡುಮಾತೆಂದು ಹೊಡೆದುಹಾಕಿದ್ದಾರೆ. ಇದು ಸರಿಯೇ? ತೂಕಡಿಕೆಗೂ ತೂಕಕ್ಕೂ ಸಂಬಂಧವಿದೆಯೇ ಎಂದೂ ಅವಳು ಕೇಳುತ್ತಿದ್ದಾಳೆ.
– ಗದಗಿನ ಓದುಗರೊಬ್ಬರು

ಉತ್ತರ: ಮಗಳ ಪ್ರಶ್ನೆಯೇ ಹೆಚ್ಚು ಸ್ವಾರಸ್ಯವಾದದ್ದು; ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸಂಬಂಧವಿದೆ. ಎರಡಕ್ಕೂ ಮೂಲ ‘ತೂಗು’ ಎಂಬ ಕ್ರಿಯಾಪದ. ತೊಟ್ಟಿಲು ತೂಗುವುದೂ ತಕ್ಕಡಿಯಲ್ಲಿ ತೂಗುವುದೂ ಅದೇ ತೂಗು. ಅದರಿಂದ ಹುಟ್ಟಿದ ನಾಮಪದ ತೂಕ. ತಮಿಳಿನಲ್ಲಿ ಇದರ ಸೋದರ ಪದವಾದ ‘ತೂಂಗು’ ಎಂಬುದಕ್ಕೆ ನೇತಾಡು, ನಿದ್ದೆ ಮಾಡು ಎಂಬ ಎರಡೂ ಅರ್ಥಗಳಿವೆ. ಕನ್ನಡವು ಪೂರ್ಣ ನಿದ್ದೆಗೆ ಸಂಸ್ಕೃತದ ‘ನಿದ್ರಾ’ದಿಂದ ಬಂದ ಪದವನ್ನು ಬಳಸಿಕೊಂಡು, ತನ್ನದೇ ಆದ ಈ ಹಳೆಯ ಧಾತುವನ್ನು ಕುಳಿತಲ್ಲೇ ತಲೆ ತೂಗುವ ಸ್ಥಿತಿಗೆ ಉಳಿಸಿಕೊಂಡಿತು.

ಆ ತೂಗುವಿಕೆಯನ್ನು ಕಣ್ಣಾರೆ ನೋಡಬೇಕೆಂದರೆ ಊಟದ ಹೊತ್ತು ಕಳೆದ ಮೇಲೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಯಾವುದಾದರೂ ಬಸ್ಸು ಹತ್ತಬೇಕು. ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ನವನಗರ ದಾಟುವ ಹೊತ್ತಿಗೆ ಎದುರಿನ ಆಸನದ ಹಿರಿಯರ ಗದ್ದ ಎದೆಯ ಕಡೆಗೆ ಇಳಿಯತೊಡಗುತ್ತದೆ, ಟೊಪ್ಪಿಗೆ ಹಣೆಗೆ ಜಾರುತ್ತದೆ, ಇನ್ನೇನು ಬಿತ್ತು ಎನ್ನುವಾಗ ತಲೆ ಗಕ್ಕನೆ ಮೇಲೇಳುತ್ತದೆ, ಅವರು ಟೊಪ್ಪಿಗೆ ಸರಿಪಡಿಸಿಕೊಂಡು ಕಿಟಕಿಯಾಚೆ ಏನನ್ನೋ ಹುಡುಕುವವರಂತೆ ನೋಡುತ್ತಾರೆ, ಮತ್ತೆ ಗದ್ದ ಇಳಿಯುತ್ತದೆ. ಸಂತೆಯ ತಕ್ಕಡಿಯ ತಟ್ಟೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಿದ್ದೆ ಆವರಿಸಿದಂತೆ ಕತ್ತಿನ ಸ್ನಾಯುಗಳು ಬಿಗಿ ಕಳೆದುಕೊಳ್ಳುವುದರಿಂದ ತಲೆ ಬೀಳುತ್ತದೆ, ಬಿದ್ದ ಕುಲುಕಿಗೇ ಎಚ್ಚರವಾಗುತ್ತದೆ. ಆದುದರಿಂದ ತೂಕಡಿಕೆಗೆ ಕುಳಿತ ಅಥವಾ ನಿಂತ ದೇಹ ಬೇಕು. ಚಾಪೆಯ ಮೇಲೆ ಮಲಗಿದವನು ತೂಕಡಿಸಲಾರ. ‘ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ’ ಎಂಬ ಗಾದೆಯಲ್ಲಿ ಕೊಂಕು ಹುಟ್ಟುವುದೂ ಅವನಿಗೆ ಅಲ್ಲಿಯವರೆಗೆ ಹಾಸಿಗೆ ಇರಲಿಲ್ಲ ಎಂಬುದರಿಂದಲೇ.

ಜೊಂಪು ಬೇರೆ. ತೂಕಡಿಕೆ ನೋಡುವವರಿಗೆ ಕಾಣುವಂಥದ್ದು, ಜೊಂಪು ಅನುಭವಿಸುವವರಿಗೆ ತಿಳಿಯುವಂಥದ್ದು. ಮಾತು ಕಿವಿಗೆ ಬೀಳುತ್ತಿರುತ್ತದೆ, ಅರ್ಥ ಮಾತ್ರ ಆಗುತ್ತಿರುವುದಿಲ್ಲ. ಅದರ ನೆರೆಯ ಪದವಾದ ‘ಮಂಪರು’ ಈಚೆಗೆ ಪತ್ರಿಕೆಗಳ ‘ಮಂಪರು ಪರೀಕ್ಷೆ’ಯಿಂದಾಗಿ ಔಷಧದ ವಾಸನೆ ಹತ್ತಿಸಿಕೊಂಡಿದೆ, ಪಾಪ.

ಕೋಳಿನಿದ್ದೆ ಎಂದರೆ ಮತ್ತೆ ಮತ್ತೆ ಮುರಿಯುವ ನಿದ್ದೆ. ಹಿತ್ತಲಲ್ಲಿ ಕೂತ ಕೋಳಿಯನ್ನು ಹತ್ತಿರದಿಂದ ನೋಡಿದರೆ ಅದರ ಕೆಳರೆಪ್ಪೆ ಮೇಲೇರಿ ಕಣ್ಣನ್ನು ಮುಚ್ಚುವುದು, ಕ್ಷಣದಲ್ಲೇ ಕೆಳಗಿಳಿಯುವುದು ಕಾಣುತ್ತದೆ. ಒಂದು ಕಣ್ಣನ್ನು ತೆರೆದಿಟ್ಟು ಮಿದುಳಿನ ಅರ್ಧಕ್ಕೆ ಮಾತ್ರ ವಿಶ್ರಾಂತಿ ಕೊಡುವ ಶಕ್ತಿಯೂ ಕೋಳಿಗಿದೆ. ಕೂಸಿಗೆ ಜ್ವರ ಬಂದ ರಾತ್ರಿ ತಾಯಿಯದು ಕೋಳಿನಿದ್ದೆ. ಅದನ್ನು ಯಾರೂ ತೂಕಡಿಕೆ ಎನ್ನುವುದಿಲ್ಲ. ಎಂದರೆ, ಅಂಕ ಸಿಕ್ಕ ಎರಡು ಉತ್ತರಗಳೇ ನಿಜಕ್ಕೂ ಸಮಾನಾರ್ಥಕವಲ್ಲ.

ಇನ್ನು ಹೊಡೆದುಹಾಕಿದ ಮಾತು. ‘ಹತ್ತು’ ಎಂಬುದು ಹಳಗನ್ನಡದ ‘ಪತ್ತು’, ಅಂದರೆ ಅಂಟಿಕೊಳ್ಳು. ಬೆಂಕಿ ಹತ್ತಿತು, ಬಟ್ಟೆಗೆ ಬಣ್ಣ ಹತ್ತಿತು ಎಂದು ಬರೆಯುವವರು ಕಣ್ಣು ಹತ್ತಿತು ಎಂದರೆ ಮಾತ್ರ ಮೂಗು ಮುರಿಯುವುದಕ್ಕೆ ಕಾರಣವಿಲ್ಲ. ಇಲ್ಲಿ ರೆಪ್ಪೆಗೆ ರೆಪ್ಪೆ ಅಂಟಿಕೊಂಡಿದೆ, ಅಷ್ಟೇ. ಇದರ ಬಳಕೆಯಲ್ಲೊಂದು ಸೂಕ್ಷ್ಮವಿದೆ. “ಈಗರ ಒಂಚೂರ ಕಣ್ಣ ಹತ್ತಿತ್ತರೀ, ಅಷ್ಟರಾಗ ನೀವು ಬಾಗಲಾ ಬಡದ್ರಿ” ಎಂದು ಹೇಳುವುದು ಎಚ್ಚರವಾದ ಮೇಲೆ. ಹತ್ತುತ್ತಿರುವಾಗ ಅದು ಹತ್ತಿದವರಿಗೇ ಗೊತ್ತಿರುವುದಿಲ್ಲ, ಆದುದರಿಂದ ಈ ಮಾತು ಸಾಮಾನ್ಯವಾಗಿ ಭೂತಕಾಲದಲ್ಲೇ ಬರುತ್ತದೆ. ಇಲ್ಲವೇ “ಏನ್ ಮಾಡಿದ್ರೂ ಕಣ್ಣ ಹತ್ತವಲ್ದು” ಎಂದು ನಿಷೇಧದಲ್ಲಿ.

ನಮ್ಮ ಕಡೆಯ ‘ಅಡ್ಡಾಗು’ ಇನ್ನೂ ಜಾಣ ಪದ. ನೆಟ್ಟಗಿದ್ದ ದೇಹ ಅಡ್ಡವಾಯಿತು ಎಂಬುದಷ್ಟೇ ಅದರ ಅರ್ಥ, ನಿದ್ದೆಯ ಸುದ್ದಿಯೇ ಇಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಮಧ್ಯಾಹ್ನ ಖಾಲಿ ಚೀಲಗಳ ಮೇಲೆ ಒರಗಿದ ಹಮಾಲರನ್ನು ಎಬ್ಬಿಸಿ ನೋಡಿ: “ನಾ ಎಲ್ಲಿ ಮಕ್ಕೊಂಡೇನ್ರಿ, ಸುಮ್ಮನ ಅಡ್ಡಾಗೇನಿ.” ಇದು ಸುಳ್ಳೂ ಅಲ್ಲ. ನಿದ್ದೆಯ ಮೊದಲ ಹಂತ ಕೆಲವೇ ನಿಮಿಷಗಳದ್ದು. ಆ ಹಂತದಲ್ಲಿ ಎಬ್ಬಿಸಿದರೆ ತಾವು ಎಚ್ಚರವಾಗಿಯೇ ಇದ್ದೆವೆಂದು ಹಲವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಧಾರವಾಡದ ಕೆಲವು ಮನೆಗಳಲ್ಲಿ ಊಟದ ನಂತರದ ಇದೇ ಅಡ್ಡಾಗುವಿಕೆಗೆ ‘ವಾಮಕುಕ್ಷಿ’ ಎಂಬ ಗಂಭೀರ ಹೆಸರಿದೆ. ವಾಮ ಎಂದರೆ ಎಡ, ಕುಕ್ಷಿ ಎಂದರೆ ಹೊಟ್ಟೆ, ಎಡಮಗ್ಗುಲಾಗಿ ಒರಗುವುದು. ಮರಾಠಿಯಲ್ಲೂ ಇದು ಮನೆಮಾತು, ಮತ್ತು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಭಾಗಕ್ಕೆ ಅಂಥ ಪದಗಳು ಪರಕೀಯವೆನಿಸಿಲ್ಲ.

ಅಂಕದ ವಿಷಯ ಹೇಳುವುದಾದರೆ, ಮೂರನೆಯ ಉತ್ತರವನ್ನು ಹೊಡೆದುಹಾಕಲು ಆಡುಮಾತು ಎಂಬುದು ಕಾರಣವಾಗಬಾರದಿತ್ತು. ತೂಕಡಿಕೆ ನಾಮಪದ, ‘ಕಣ್ಣು ಹತ್ತು’ ಒಂದು ನುಡಿಗಟ್ಟು, ಎರಡರ ಅರ್ಥವೂ ಬೇರೆ ಎಂದಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಆಗ ಉಳಿದೆರಡಕ್ಕೂ ಅಂಕ ಕೊಡುವಂತಿರಲಿಲ್ಲ.