1974ರ ವೆಸ್ಟರ್ಲಿ ಸೆಂಟಾರ್ ಕೊಳ್ಳಬಹುದೇ? ಎರಡು ಕೀಲಿನ ದೋಣಿ ಗಾಳಿಗೆದುರಾಗಿ ಹೋಗುತ್ತದೆಯೇ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಓಡಾಡಲು, ಬೇಸಿಗೆಯಲ್ಲಿ ಒಮ್ಮೆ ಫ್ರಾನ್ಸಿಗೆ ದಾಟಿ ಬರಲು ಈ ಹಳೇ ಹಾಯಿದೋಣಿ ಆದೀತೇ ಎಂದು ಕೇಳಿದ್ದೀರಿ. ಜೊತೆಗೆ, ಎರಡು ಕೀಲಿನವು (ಕೀಲು ಎಂದರೆ ದೋಣಿಯ ತಳದಿಂದ ನೀರೊಳಗೆ ಇಳಿದ ಭಾರವಾದ ರೆಕ್ಕೆ) ಗಾಳಿಗೆ ಎದುರಾಗಿ ಹೋಗುವುದೇ ಇಲ್ಲ ಎಂದು ಯಾರೋ ನಿಮ್ಮನ್ನು ಹೆದರಿಸಿದ್ದಾರೆ. ಹೋಗುತ್ತದೆ, ತಡವಾಗಿ ಹೋಗುತ್ತದೆ ಅಷ್ಟೇ. ಗೆಳೆಯರೊಬ್ಬರ ಸೆಂಟಾರ್‌ನಲ್ಲಿ ಸೋಲೆಂಟ್ (ವೈಟ್ ದ್ವೀಪಕ್ಕೂ ಇಂಗ್ಲೆಂಡಿಗೂ ನಡುವಿನ ಜಲಸಂಧಿ) ಸುತ್ತಮುತ್ತ ಹಲವು ಬೇಸಿಗೆ ಓಡಾಡಿದ್ದೇನೆ. ನನ್ನ ಅಭಿಪ್ರಾಯದಲ್ಲಿ ನೀವು ಚಿಂತಿಸಬೇಕಾದದ್ದು ವೇಗದ ಬಗ್ಗೆ ಅಲ್ಲ, ಆ ಎರಡು ಕೀಲುಗಳು ದೋಣಿಯ ಒಡಲಿಗೆ ಸೇರುವ ಜಾಗದ ಬಗ್ಗೆ.

ಮೊದಲು ದೋಣಿಯ ಹಿನ್ನೆಲೆ. ದೋಣಿ ಕಟ್ಟುವ ವೆಸ್ಟರ್ಲಿ ಕಂಪನಿಯನ್ನು 1963ರಲ್ಲಿ ಶುರು ಮಾಡಿದವರು ನೌಕಾಪಡೆಯಲ್ಲಿದ್ದ ಡೆನಿಸ್ ರೇನರ್. ಪೋರ್ಟ್ಸ್‌ಮತ್ ಹತ್ತಿರದ ವಾಟರ್‌ಲೂವಿಲ್‌ನಲ್ಲಿ ಅವರ ಕಾರ್ಖಾನೆ ಇತ್ತು. ಲಾರೆಂಟ್ ಜೈಲ್ಸ್ ಎಂಬ ದೋಣಿ ವಿನ್ಯಾಸ ಸಂಸ್ಥೆಯ ವಿನ್ಯಾಸದ ಸೆಂಟಾರ್ 1969ರಲ್ಲಿ ಬಂತು. 1980ರವರೆಗೆ 2,400ಕ್ಕೂ ಹೆಚ್ಚು ತಯಾರಾದವು. ಉದ್ದ 26 ಅಡಿ, ನೀರಿನ ಮಟ್ಟದಲ್ಲಿ ಅಳೆದರೆ 21 ಅಡಿ ಚಿಲ್ಲರೆ. ಅಗಲ 8 ಅಡಿ 5 ಇಂಚು, ನೀರಿನೊಳಗಿನ ಆಳ ಬರೀ 3 ಅಡಿ. ತೂಕ ಸುಮಾರು 6,700 ಪೌಂಡ್, ಅದರಲ್ಲಿ 2,800 ಪೌಂಡ್ ಕೀಲುಗಳದ್ದೇ. ಹಾಯಿಯ ವಿಸ್ತೀರ್ಣ 300 ಚದರ ಅಡಿಗೆ ಸ್ವಲ್ಪ ಕಮ್ಮಿ.

ಈ ಅಂಕಿಗಳಲ್ಲೇ ದೋಣಿಯ ಸ್ವಭಾವ ಕಾಣುತ್ತದೆ. ತೂಕಕ್ಕೆ ಹಾಯಿ ಕಮ್ಮಿ. ಹಾಯಿಗೂ ತೂಕಕ್ಕೂ ಇರುವ ಅನುಪಾತವನ್ನು ದೋಣಿ ವಿನ್ಯಾಸಕಾರರ ಸೂತ್ರದಂತೆ ಲೆಕ್ಕ ಹಾಕಿದರೆ 13ರ ಆಸುಪಾಸು ಬರುತ್ತದೆ, ಚುರುಕಾದ ಪ್ರವಾಸಿ ದೋಣಿಗಳಲ್ಲಿ ಅದು 16ರ ಮೇಲಿರುತ್ತದೆ. ನೀರಿನ ಮಟ್ಟದ ಉದ್ದದ ಪ್ರಕಾರ ಗರಿಷ್ಠ ವೇಗ 6 ನಾಟ್‌ಗಿಂತ ಸ್ವಲ್ಪ ಹೆಚ್ಚು (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.). ಎರಡು ಕೀಲು ಎಂದರೆ ನೀರಿಗೆ ಉಜ್ಜುವ ಮೈಯೂ ಹೆಚ್ಚು. ಹಾಗಾಗಿ ಗಾಳಿ ಮಂದವಾಗಿರುವ ದಿನ ಪಕ್ಕದಲ್ಲಿ ಒಂಟಿ ಕೀಲಿನ ದೋಣಿಗಳು ಸರಸರನೆ ದಾಟಿ ಹೋಗುವಾಗ ನೀವು ನಿಂತಲ್ಲೇ ಇದ್ದೀರೇನೋ ಅನ್ನಿಸುತ್ತದೆ. ಗಾಳಿ 15 ನಾಟ್ ಮುಟ್ಟಿದರೆ ಬೇರೆಯದೇ ಕಥೆ. ಅಗಲವಾದ ಒಡಲು, ಹೊಟ್ಟೆಯಡಿ ಅಷ್ಟು ಕಬ್ಬಿಣ, ದೋಣಿ ಸುಲಭಕ್ಕೆ ವಾಲುವುದಿಲ್ಲ. ಬೇರೆಯವರು ಹಾಯಿ ಕುಗ್ಗಿಸುವ ಹೊತ್ತಿಗೆ ಇದು ಆಗಷ್ಟೇ ಮೈಮುರಿದು ಎದ್ದಿರುತ್ತದೆ.

ಈಗ ಗಾಳಿಗೆದುರಾಗಿ ಹೋಗುವ ವಿಷಯ. ಸೆಂಟಾರ್‌ನ ಕೀಲುಗಳು ನೇರ ಕೆಳಕ್ಕೆ ಇಳಿದಿಲ್ಲ, ಹೊರಗಡೆ ಚಾಚಿಕೊಂಡಿವೆ. ದೋಣಿ ವಾಲಿದಾಗ ತಗ್ಗಿದ ಬದಿಯ ಕೀಲು ನೆಟ್ಟಗಾಗಿ ಆಳಕ್ಕೆ ಇಳಿಯುತ್ತದೆ, ಅಡ್ಡಡ್ಡ ಜಾರದಂತೆ ತಡೆಯುವುದು ಅದೇ. ಅದರ ಮುಂಭಾಗವನ್ನು ತುಸು ಒಳಕ್ಕೆ ತಿರುಗಿಸಿರುವುದರಿಂದ ದೋಣಿಯನ್ನು ಗಾಳಿಯ ಕಡೆಗೆ ಎತ್ತುವ ಬಲವೂ ಸ್ವಲ್ಪ ಸಿಗುತ್ತದೆ. ಕಾಗದದ ಮೇಲೆ ಚೆಂದವಾಗಿದೆ. ನೀರಿನ ಮೇಲೆ, ಜಾರುವಿಕೆಯನ್ನೂ ಸೇರಿಸಿದರೆ, ಗಾಳಿಯ ದಿಕ್ಕಿಗೆ 55 ಡಿಗ್ರಿಯಲ್ಲಿ ಹೋದರೆ ಸಮಾಧಾನಪಟ್ಟುಕೊಳ್ಳಿ. ಹೀಗೆ ಅಂಕುಡೊಂಕಾಗಿ ಏರಬೇಕಾದ್ದರಿಂದ ದೋಣಿಯ ವೇಗ 4.5 ನಾಟ್ ಇದ್ದರೂ ಗಾಳಿ ಬರುವ ದಿಕ್ಕಿನಲ್ಲಿ ನೀವು ಸೇರಬೇಕಾದ ಕಡೆಗೆ ಸಾಗುವುದು ಎರಡೂವರೆ ನಾಟ್ ಮಾತ್ರ. ಎದುರು ಸೆಳೆತ 2 ನಾಟ್ ಇದ್ದರೆ ಉಳಿಯುವುದು ಅರ್ಧ ನಾಟ್. ಅಂದರೆ ಬೆಳಿಗ್ಗೆ ಕಂಡ ದೀಪಸ್ತಂಭವೇ ಊಟದ ಹೊತ್ತಿಗೂ ಪಕ್ಕದಲ್ಲಿರುತ್ತದೆ.

ಆದ್ದರಿಂದ ಈ ದೋಣಿಯ ಯಜಮಾನರು ಗಾಳಿಗಿಂತ ಮೊದಲು ಉಬ್ಬರವಿಳಿತದ ಪಟ್ಟಿ ನೋಡುತ್ತಾರೆ. ಸೋಲೆಂಟಿನ ಪಶ್ಚಿಮಕ್ಕೆ ಹರ್ಸ್ಟ್ ಬಳಿಯ ಕಿರಿದಾದ ಬಾಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳೆತ 4 ನಾಟ್ ದಾಟುತ್ತದೆ. ಅದರ ಎದುರು ಹೋಗುವುದು ಮೂರ್ಖತನ, ಅದರ ಜೊತೆಗೆ ಹೋದರೆ ಈ ನಿಧಾನದ ದೋಣಿಯೇ ನೆಲದ ಲೆಕ್ಕದಲ್ಲಿ 8 ನಾಟ್ ಓಡುತ್ತದೆ. ಫ್ರಾನ್ಸಿಗೆ ದಾಟುವುದಂತೂ ನೀವು ಅಂದುಕೊಂಡಷ್ಟು ಕಷ್ಟವಲ್ಲ. ವೈಟ್ ದ್ವೀಪದ ಪಶ್ಚಿಮ ತುದಿಯ ನೀಡಲ್ಸ್ ಬಂಡೆಗಳಿಂದ ಫ್ರಾನ್ಸಿನ ಶೆರ್ಬೂರ್ ಬಂದರಿಗೆ ಸುಮಾರು 60 ನಾಟಿಕಲ್ ಮೈಲಿ. 5 ನಾಟ್‌ಗೆ 12 ಗಂಟೆ, ಅಂದರೆ ಹತ್ತಿರ ಹತ್ತಿರ ಒಂದು ಪೂರ್ತಿ ಉಬ್ಬರವಿಳಿತ. ಇಂಗ್ಲೆಂಡ್ ಫ್ರಾನ್ಸ್ ನಡುವಿನ ಚಾನೆಲ್‌ನಲ್ಲಿ ನೀರು ಆರು ಗಂಟೆ ಪೂರ್ವಕ್ಕೆ, ಆರು ಗಂಟೆ ಪಶ್ಚಿಮಕ್ಕೆ ಎಳೆದು ಬಹುಪಾಲು ವಜಾ ಆಗುವುದರಿಂದ ಒಂದೇ ದಿಕ್ಕಿಗೆ ಚುಕ್ಕಾಣಿ ಹಿಡಿದು ಕೂರಬಹುದು. ಕೊನೆಯ ಕೆಲವು ಮೈಲಿಗಳಲ್ಲಿ ಮಾತ್ರ ಎಚ್ಚರ ಬೇಕು. ಬಂದರಿನ ಎದುರು ಅಡ್ಡ ಸೆಳೆತ ಜೋರಾಗಿರುತ್ತದೆ, ಒಮ್ಮೆ ಕೆಳಗೆ ಕೊಚ್ಚಿಹೋದರೆ ಸೆಂಟಾರ್‌ನಲ್ಲಿ ವಾಪಸು ಏರುವುದು ಆಗದ ಮಾತು. ಸೆಳೆತ ಬರುವ ಕಡೆಗೇ ಸ್ವಲ್ಪ ಮೇಲೆ ಇರುವಂತೆ ಮೊದಲಿಂದಲೇ ಸಾಗಿ.

ಇಷ್ಟೆಲ್ಲ ನಿಧಾನವನ್ನು ಯಾಕೆ ಸಹಿಸಿಕೊಳ್ಳಬೇಕು? ನೀರು ಇಳಿದಾಗ ಈ ದೋಣಿ ತನ್ನೆರಡು ಕಾಲ ಮೇಲೆ ನೆಟ್ಟಗೆ ನಿಲ್ಲುತ್ತದೆ, ಅದಕ್ಕೆ. ಲ್ಯಾಂಗ್‌ಸ್ಟನ್, ಚಿಚೆಸ್ಟರ್ ಬಂದರುಗಳ ಎಷ್ಟೋ ಜಾಗಗಳಲ್ಲಿ ಇಳಿತದ ಹೊತ್ತಿಗೆ ಕೆಸರು ಬಿಟ್ಟು ಬೇರೇನೂ ಇರುವುದಿಲ್ಲ. ಒಂಟಿ ಕೀಲಿನವರು ಅಲ್ಲಿ ಮೂತಿ ಹಾಕಲಾರರು, ಅದಕ್ಕೇ ಆ ಜಾಗಗಳ ಬಾಡಿಗೆಯೂ ಕಮ್ಮಿ. ವೈಟ್ ದ್ವೀಪದ ಬೆಂಬ್ರಿಜ್‌ನಲ್ಲಿ ಮರಳ ಮೇಲೆ ನಿಲ್ಲಿಸಿ, ಏಣಿ ಇಳಿದು, ದೋಣಿಯ ಸುತ್ತ ಒಂದು ಸುತ್ತು ನಡೆದು ಬರಬಹುದು. ಒಂದೇ ತೊಂದರೆ, ತಳ ಮುಟ್ಟುವ ಆ ಹತ್ತು ನಿಮಿಷ. ಸಣ್ಣ ಅಲೆ ಇದ್ದರೂ ಕೀಲುಗಳು ಗಟ್ಟಿ ಮರಳಿಗೆ ಧಡ್ ಧಡ್ ಎಂದು ಬಡಿಯುತ್ತವೆ, ಒಳಗೆ ಕೂತವರ ಹಲ್ಲು ಕಟಕಟಿಸುತ್ತವೆ.

ಆ ಬಡಿತದ ಏಟೆಲ್ಲ ಹೋಗುವುದು ಕೀಲಿನ ಬುಡಕ್ಕೆ. ಹೊರಗೆ ಚಾಚಿದ ಕೀಲುಗಳ ಮೇಲೆ ಮೂರು ಟನ್ ಕೂತಾಗ, ಹಗ್ಗ ಕಟ್ಟದ ಜೋಡಿ ಏಣಿಯ ಕಾಲುಗಳಂತೆ ಅವು ಎರಡೂ ಕಡೆಗೆ ಅಗಲವಾಗಲು ನೋಡುತ್ತವೆ. ಅವುಗಳ ಮೇಲಿರುವುದು ಫೈಬರ್‌ಗ್ಲಾಸಿನ ತಳ, ಅದು ಪ್ರತಿ ಸಲ ಇಷ್ಟಿಷ್ಟು ಬಾಗುತ್ತದೆ. ಐವತ್ತು ವರ್ಷ ದಿನಕ್ಕೆರಡು ಸಲ ಬಾಗಿದರೆ ಏನಾಗುತ್ತದೆಂದು ನೀವೇ ಊಹಿಸಿ. ಇದು ಸೆಂಟಾರ್‌ಗಳ ಚಿರಪರಿಚಿತ ಕಾಯಿಲೆ. ಒಳಗಿನಿಂದ ಅಡ್ಡ ಪಟ್ಟಿಗಳನ್ನು ಕೂರಿಸಿ, ಮೇಲೆ ಫೈಬರ್‌ಗ್ಲಾಸ್ ಹೊದಿಸಿ ಬಲಪಡಿಸುವುದು ಇದಕ್ಕೆ ಎಲ್ಲರೂ ಮಾಡುವ ಮದ್ದು. ಮಾಡಿಸಿದ ದೋಣಿಗಳು ಧಾರಾಳವಾಗಿ ಸಿಗುತ್ತವೆ.

ನೋಡಲು ಹೋದಾಗ ಕ್ಯಾಬಿನ್ನಿನ ನೆಲಹಲಗೆ ಎತ್ತಿಸಿ. ಟಾರ್ಚ್ ಹಿಡಿದು ಕೀಲುಗಳನ್ನು ಹಿಡಿದ ಬೋಲ್ಟುಗಳ ಸುತ್ತ ನೋಡಿ: ಕೂದಲೆಳೆಯಂಥ ಬಿಳಿ ಗೆರೆಗಳು, ತುಕ್ಕು ಇಳಿದ ಕಂದು ಕಲೆ, ಅಲ್ಲಿ ಮಾತ್ರ ಹೊಸದಾಗಿ ಹೊಳೆಯುವ ಪೇಂಟು, ಈ ಮೂರರಲ್ಲಿ ಯಾವುದು ಕಂಡರೂ ಪ್ರಶ್ನೆ ಕೇಳಿ. ಹೊಸ ಪೇಂಟೇ ನನಗೆ ಹೆಚ್ಚು ಅನುಮಾನ. ಆಮೇಲೆ ದೋಣಿಯನ್ನು ಕ್ರೇನಿನ ಪಟ್ಟಿಗಳಲ್ಲಿ ನೇತುಹಾಕಿಸಿ. ಒಬ್ಬರು ಕೀಲಿನ ತುದಿಯನ್ನು ಜೋರಾಗಿ ಹೊರಗೂ ಒಳಗೂ ದೂಡಲಿ, ನೀವು ಕೀಲೂ ಒಡಲೂ ಕೂಡುವ ಗೆರೆಯ ಮೇಲೆ ಬೆರಳಿಟ್ಟು ನಿಲ್ಲಿ. ಬಿರುಕು ಬಾಯಿ ತೆರೆದು ಮುಚ್ಚಿದರೆ, ಅಥವಾ ಅಲ್ಲಿಂದ ಕಂದು ನೀರು ಸೋರಿದರೆ, ಬೆರಳಿಗೇ ಗೊತ್ತಾಗುತ್ತದೆ. ಇಷ್ಟು ಮಾಡಿದ ಮೇಲೂ ದೋಣಿ ಪರೀಕ್ಷಿಸುವ ಸರ್ವೇಯರ್ ಬೇಕೇ ಬೇಕು, ಅವರ ಫೀಸು ಉಳಿಸಲು ಹೋಗಬೇಡಿ.

ಉಳಿದದ್ದು ಎಲ್ಲ ಮುದಿ ದೋಣಿಗಳದ್ದೇ ಪಾಡು. ಮಾಸ್ಟ್ (ಹಾಯಿಕಂಬ) ಹಿಡಿದ ಉಕ್ಕಿನ ತಂತಿಗಳಿಗೆ ಹತ್ತು ಹದಿನೈದು ವರ್ಷ ದಾಟಿದ್ದರೆ ವಿಮೆಯವರೇ ಬದಲಿಸಿ ಅನ್ನುತ್ತಾರೆ. ಮೂಲ ವೋಲ್ವೋ ಪೆಂಟಾ ಡೀಸೆಲ್ ಎಂಜಿನ್‌ಗೆ ಸುಮಾರು 25 ಕುದುರೆಶಕ್ತಿಯ ಬಲ, ಈ ಗಾತ್ರದ ದೋಣಿಗೆ ಅದು ಧಾರಾಳ. ಆದರೆ ಹೆಚ್ಚಿನವನ್ನು ತಂಪು ಮಾಡುತ್ತಿದ್ದುದು ಸಮುದ್ರದ ಉಪ್ಪು ನೀರೇ, ಒಳಗೆ ತುಕ್ಕು ತಿಂದಿರುವುದು ಖಂಡಿತ. ಕ್ಯಾಬಿನ್ನಿನ ಚಾವಣಿಯ ರೆಕ್ಸಿನ್ ಜೋತುಬಿದ್ದಿರುತ್ತದೆ. ಹಿಂದಿನ ಸ್ಪಂಜು ಪುಡಿಯಾಗಿ ಹಾಸಿಗೆ, ಚಹಾ ಕಪ್ಪು ಎಲ್ಲದರ ಮೇಲೂ ಉದುರುತ್ತದೆ. ಅಪಾಯವೇನಿಲ್ಲ, ತಲೆನೋವು ಮಾತ್ರ. ವರ್ಷಕ್ಕೊಮ್ಮೆ ಎರಡು ಕೀಲುಗಳ ನಡುವೆ ಅಂಗಾತ ಮಲಗಿ ಪಾಚಿ ತಡೆಯುವ ಪೇಂಟು ಬಳಿಯುವ ಸುಖವೂ ನಿಮ್ಮ ಪಾಲಿಗೆ ಬರುತ್ತದೆ. ಹಳೇ ಬಟ್ಟೆ, ಕನ್ನಡಕ, ಕೈಗವಸು ಇರಲಿ.

ವೇಗದ ಬಗ್ಗೆ ಕೊನೆಗೂ ಏನಾದರೂ ಮಾಡಬೇಕೆನಿಸಿದರೆ ಮೊದಲು ಹಾಯಿ ಬದಲಿಸಿ. ಜೋಲುಬಿದ್ದ ಹಳೇ ಬಟ್ಟೆ ತೆಗೆದು ಹೊಸ ಮುಂದಿನ ಹಾಯಿ ಹಾಕಿದಾಗ ಗೆಳೆಯರ ದೋಣಿ ಗಾಳಿಯ ಕಡೆಗೆ ಮುಂಚಿಗಿಂತ ಚೆನ್ನಾಗಿ ಏರತೊಡಗಿತು. ಕೀಲುಗಳನ್ನು ದೂರುವವರಲ್ಲಿ ಅರ್ಧಕ್ಕರ್ಧ ಜನ ಮುಪ್ಪಾದ ಹಾಯಿಯನ್ನು ಕಟ್ಟಿಕೊಂಡೇ ದೂರುತ್ತಿರುತ್ತಾರೆ. ಸ್ಥಿರ ಪ್ರೊಪೆಲರ್ ತೆಗೆದು ಮಡಚುವಂಥದ್ದು ಹಾಕಿದರೆ ಮಂದ ಗಾಳಿಯಲ್ಲಿ ಇನ್ನಷ್ಟು ಲಾಭ, ಆದರೆ ಅದರ ಬೆಲೆ ಈ ದೋಣಿಯ ಬೆಲೆಗೆ ಹೋಲಿಸಿದರೆ ಕಣ್ಣು ಕುಕ್ಕುತ್ತದೆ.

ನೀವು ಹೇಳಿದ 1974ರದ್ದಕ್ಕೆ ಕೀಲು ಬಲಪಡಿಸಿದ ಬಿಲ್ಲು, ಫೋಟೋ ಇವೆಯೇ ಎಂದು ಮಾರುವವರನ್ನು ಕೇಳಿ. ಇದ್ದರೆ ಕ್ರೇನಿನ ಪರೀಕ್ಷೆಗೆ ದಿನ ಗೊತ್ತುಮಾಡಿ. ಇಲ್ಲದಿದ್ದರೆ ಆ ಕೆಲಸಕ್ಕೆ ದೋಣಿ ರಿಪೇರಿ ಯಾರ್ಡಿನಿಂದ ಮೊದಲೇ ಅಂದಾಜು ತರಿಸಿ, ಅಷ್ಟನ್ನೂ ಬೆಲೆಯಿಂದ ಕಳೆದು ಮಾತಿಗೆ ಕೂರಿ. ಅದಕ್ಕೆ ಒಪ್ಪದಿದ್ದರೆ ಬೇರೆ ಸೆಂಟಾರ್ ಹುಡುಕಿ, ಮಾರುಕಟ್ಟೆಯಲ್ಲಿ ಅವಕ್ಕೇನೂ ಬರವಿಲ್ಲ.