ಕೇಳಿ, ಹೇಳ್ತೀನಿ: ತೋಟದ ಮಳೆಮಾಪಕ, ಹಳೇ ಲ್ಯಾಪ್‌ಟಾಪ್, ತೆರೆಯದ ನುಡಿ ಫೈಲು

ಹೋದ ಸಂಚಿಕೆಯಲ್ಲಿ ನಾನು ದಿನಾ ಬಳಸುವ ಸಾಫ್ಟ್‌ವೇರ್ ಮತ್ತು ಮನೆಯಲ್ಲೇ ಮಾಡಿಕೊಂಡ ಒಂದೆರಡು ಸಾಧನಗಳ ಬಗ್ಗೆ ಬರೆದಿದ್ದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಒಂದೇ ತರಹದವನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಸರ್, ನಿಮ್ಮ ಕಂಪ್ಯೂಟರ್‌ನಲ್ಲಿ ಇರಲೇಬೇಕಾದ ಸಾಫ್ಟ್‌ವೇರ್ ಯಾವುದು? ದುಡ್ಡು ಕೊಟ್ಟು ಕೊಂಡಿದ್ದು ಏನಾದರೂ ಇದೆಯಾ?
– ಕಾಲೇಜು ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಬರವಣಿಗೆ, ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್. ಬ್ರೌಸರ್ ಫೈರ್‌ಫಾಕ್ಸ್. ಪಾಸ್‌ವರ್ಡ್ ಇಡಲು ಕೀಪಾಸ್‌ಎಕ್ಸ್‌ಸಿ. ವಿಡಿಯೋಗೆ ವಿಎಲ್‌ಸಿ. ಎಲ್ಲವೂ ಪುಕ್ಕಟೆ, ಆದರೆ ಪುಕ್ಕಟೆ ಅಂತ ಇವನ್ನು ಹಾಕಿಕೊಂಡಿದ್ದಲ್ಲ. ನಾನು ನೋಡುವುದು ಎರಡೇ ಸಂಗತಿ: ನೆಟ್ ಹೋದಾಗಲೂ ಕೆಲಸ ನಡೆಯಬೇಕು, ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದರೂ ನನ್ನ ಫೈಲು ನನಗೆ ತೆರೆಯಬೇಕು. ಇವೆರಡೂ ಇದ್ದರೆ ದುಡ್ಡು ಕೊಟ್ಟು ಕೊಳ್ಳುವುದಕ್ಕೂ ನನ್ನ ತಕರಾರಿಲ್ಲ.

ಒಂದನ್ನೇ ಹೇಳಿ ಅಂದರೆ ಸಿಂಕ್‌ಥಿಂಗ್ ಅಂತೀನಿ. ಫೋನಿನ ಫೋಟೋ, ಬರೆದ ಟಿಪ್ಪಣಿ, ಸ್ಕ್ಯಾನ್ ಮಾಡಿದ ಪಹಣಿ ಎಲ್ಲವೂ ಮನೆಯ ವೈಫೈ ಸಿಕ್ಕ ತಕ್ಷಣ ಫೋನಿನಿಂದ ಲ್ಯಾಪ್‌ಟಾಪಿಗೆ ತಾವೇ ಬಂದು ಕೂರುತ್ತವೆ. ನಡುವೆ ಯಾರ ಕ್ಲೌಡೂ ಇಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಇದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಯಲ್ಲಿ ನಿಂತುಹೋಯಿತು. ಬೇರೆ ಆ್ಯಪ್ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸೋರ್ಸ್ ಕೋಡ್ (ಆ್ಯಪಿನ ಮೂಲ ಪ್ರೋಗ್ರಾಮ್) ಎಲ್ಲರ ಕೈಗೂ ಸಿಗುವಂತೆ ಇದ್ದುದರಿಂದ ಸಿಂಕ್‌ಥಿಂಗ್-ಫೋರ್ಕ್ ಅನ್ನುವ ಹೆಸರಿನಲ್ಲಿ ಬೇರೆಯವರು ಮುಂದುವರಿಸಿದರು, ಬಳಸುವವರ ಕೆಲಸ ನಿಲ್ಲಲಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಇದು ಬ್ಯಾಕಪ್ ಅಲ್ಲ. ಫೋನಿನಲ್ಲಿ ಅಳಿಸಿದ್ದು ಲ್ಯಾಪ್‌ಟಾಪಿನಲ್ಲೂ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪಿನ ಕಡೆ, ಆ ಫೋಲ್ಡರಿನ ಸೆಟ್ಟಿಂಗ್‌ನಲ್ಲಿ ಫೈಲ್ ವರ್ಶನಿಂಗ್ ಆನ್ ಮಾಡಿ, ಆಗ ಅಳಿಸಿದ ಫೈಲಿನ ಹಳೇ ಪ್ರತಿ ಒಂದು ಮೂಲೆಯಲ್ಲಿ ಉಳಿಯುತ್ತದೆ. ವರ್ಷಗಟ್ಟಲೆ ಉಳಿಯಬೇಕಾದ್ದನ್ನು ಬೇರೆ ಹಾರ್ಡ್‌ಡಿಸ್ಕಿಗೂ ಹಾಕಿ ಇಡಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿಗೆ ವಿಂಡೋಸ್ 11 ಬರುವುದಿಲ್ಲ ಅಂತ ತೋರಿಸುತ್ತದೆ. ವಿಂಡೋಸ್ 10 ನಿಂತುಹೋಯಿತು, ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ಯಂತ್ರ ಚೆನ್ನಾಗಿಯೇ ಇದೆ. ಏನು ಮಾಡಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು ನಿಜ. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್ ಬೇಕು ಅನ್ನುತ್ತದೆ. ಹಾಗಂತ ನಿಮ್ಮ ಯಂತ್ರ ಕೆಟ್ಟುಹೋಗಿಲ್ಲ, ಅಲ್ವಾ? ಮೊದಲು ಎರಡು ಕೆಲಸ ಮಾಡಿಸಿ. ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ. ಹಳೇ ಲ್ಯಾಪ್‌ಟಾಪಿಗೆ ಇವೆರಡರಿಂದ ಬರುವಷ್ಟು ಜೀವ ಬೇರೆ ಯಾವುದರಿಂದಲೂ ಬರುವುದಿಲ್ಲ.

ಆಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟಬೇಕಾಗಿಲ್ಲ. ವೈಫೈ, ಸೌಂಡ್, ಕ್ಯಾಮೆರಾ, ನಿಮ್ಮ ಪ್ರಿಂಟರ್, ಈ ನಾಲ್ಕೂ ನಡೆಯುತ್ತವೆಯೇ ಅಂತ ಹಾಗೆಯೇ ನೋಡಿಕೊಂಡು, ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ, ನಂತರ ಇನ್‌ಸ್ಟಾಲ್ ಮಾಡಿ. ಕನ್ನಡ ಟೈಪಿಂಗ್ ಬಗ್ಗೆ ಚಿಂತೆ ಬೇಡ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಅನ್ನುವ ಕೀಲಿ ವಿನ್ಯಾಸವೂ ಇದೆ. ಕನ್ನಡ ಕೀಬೋರ್ಡಿಗೆ ಕೆ.ಪಿ. ರಾವ್ ಅವರು ಹಾಕಿಕೊಟ್ಟ ದಾರಿಯದೇ ಅದು. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದು ಜಾಸ್ತಿ ಇರುವುದಿಲ್ಲ.

ಆದರೆ ನೀವು ಅದೇ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ಓಡಿಸುತ್ತಿದ್ದರೆ, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಕೆಲಸ ಮಾಡುವವರಾದರೆ ಬದಲಾಯಿಸಲು ಅವಸರ ಮಾಡಬೇಡಿ, ಅಂಥವಕ್ಕೆ ವಿಂಡೋಸೇ ಸಲೀಸು. ಮನೆ ಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆ ಇದೆ, ಅದಕ್ಕೆ ನೋಂದಾಯಿಸಿಕೊಂಡರೆ ಯೋಚಿಸಲು ಒಂದಷ್ಟು ಸಮಯ ಸಿಗುತ್ತದೆ.

ಪ್ರಶ್ನೆ: ತೋಟದಲ್ಲಿ ನೀವೇ ಮಾಡಿ ನಿಲ್ಲಿಸಿದ ಮಳೆಮಾಪಕದ ಬಗ್ಗೆ ಒಂದೇ ಸಾಲು ಬರೆದಿದ್ದಿರಿ. ನಮ್ಮದೂ ಅಡಿಕೆ ತೋಟ. ನಮ್ಮ ತಂದೆ ಡೈರಿಯಲ್ಲಿ ಮಳೆ ಲೆಕ್ಕ ಬರೆದಿಡುತ್ತಿದ್ದರು. ಮಾಡುವುದು ಹೇಗೆ, ಲೆಕ್ಕ ಸರಿ ಬರುತ್ತಾ?
– ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಈ ಪ್ರಶ್ನೆ ನೋಡಿ ತುಂಬ ಖುಷಿಯಾಯಿತು. ಆ ಡೈರಿಯನ್ನು ದಯವಿಟ್ಟು ಜೋಪಾನ ಮಾಡಿ, ಪುಟಪುಟವೂ ಫೋಟೋ ತೆಗೆದಿಡಿ.

ಸಾಧನದಲ್ಲಿ ಇರುವುದು ಇಷ್ಟೇ. ಮೇಲೆ ಒಂದು ಆಲಿಕೆ, ಅದರ ಕೆಳಗೆ ಎರಡು ಪುಟ್ಟ ತೊಟ್ಟಿಗಳ ಏತ. ಒಂದು ತೊಟ್ಟಿ ತುಂಬಿದ ಕೂಡಲೇ ಆ ಕಡೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಏತಕ್ಕೆ ಒಂದು ಚೂರು ಅಯಸ್ಕಾಂತ ಅಂಟಿಸಿರುತ್ತದೆ. ವಾಲಿದಾಗಲೆಲ್ಲ ಅದು ಪಕ್ಕದ ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದರೆ ಮುಟ್ಟಿಕೊಳ್ಳುವ ಸ್ವಿಚ್) ದಾಟಿ ಹೋಗುತ್ತದೆ, ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಅದನ್ನು ಎಣಿಸುತ್ತದೆ. ಬೋರ್ಡಿಗೆ ಕೆಲವು ನೂರು ರೂಪಾಯಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ.

ಲೆಕ್ಕ ಕೂರಿಸುವುದೇ ನಿಜವಾದ ಕೆಲಸ. ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಗಲ ಇದ್ದರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅಂದರೆ 1 ಮಿಲಿಮೀಟರ್ ಮಳೆ ಬಿದ್ದರೆ 31.4 ಮಿಲಿಲೀಟರ್ ನೀರು ಒಳಗೆ ಹೋಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ 314 ಗ್ರಾಂ ನೀರು ತೂಗಿಕೊಳ್ಳಿ. ಅದು 10 ಮಿಲಿಮೀಟರ್ ಮಳೆಗೆ ಸಮ. ಬಾಟಲಿಯ ಮುಚ್ಚಳಕ್ಕೆ ಸಣ್ಣ ತೂತು ಕೊರೆದು, ಹನಿಹನಿಯಾಗಿ ಅಷ್ಟನ್ನೂ ಆಲಿಕೆಗೆ ಇಳಿಸಿ. ಎಷ್ಟು ಸಲ ವಾಲಿತು ಎಣಿಸಿ. 50 ಸಲ ವಾಲಿದರೆ ಒಂದು ವಾಲಾಟಕ್ಕೆ 0.2 ಮಿಲಿಮೀಟರ್ ಎಂದು ಹಿಡಿಯಿರಿ. ಸುರಿದುಬಿಟ್ಟರೆ ಲೆಕ್ಕ ಕೆಡುತ್ತದೆ, ಏಕೆಂದರೆ ತೊಟ್ಟಿ ವಾಲುವ ಆ ಗಳಿಗೆಯಲ್ಲಿ ಬೀಳುವ ನೀರು ಎಣಿಕೆಗೆ ಬರದೆ ಹರಿದುಹೋಗುತ್ತದೆ. ಮಲೆನಾಡಿನ ಜಡಿಮಳೆಯಲ್ಲೂ ಇದೇ ಆಗುವುದು. ಮಳೆ ಜೋರಾದಷ್ಟೂ ಯಂತ್ರ ಕಡಿಮೆ ತೋರಿಸುತ್ತದೆ. ಅದಕ್ಕೇ ಪಕ್ಕದಲ್ಲಿ ಒಂದು ಸಾದಾ ಮಳೆಮಾಪಕವೂ ಇರಲಿ, ಬೆಳಿಗ್ಗೆ ಅಳೆದು ತಾಳೆ ನೋಡಿ. ಅಳೆಯುವ ಹೊತ್ತು 8.30 ಇರಲಿ. ಹವಾಮಾನ ಇಲಾಖೆಯ ದಿನದ ಮಳೆ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ನಿಮ್ಮದೂ ಹಾಗಿದ್ದರೆ ಹೋಲಿಸಿ ನೋಡಬಹುದು.

ಇನ್ನು ಒಂದೊಂದೇ ಹೇಳುತ್ತಾ ಹೋಗುತ್ತೇನೆ. ರೀಡ್ ಸ್ವಿಚ್ ಒಂದು ಸಲ ಮುಟ್ಟಿದರೂ ಅದುರಿ ಎರಡು ಮೂರು ಸಲ ಮುಟ್ಟಿದಂತೆ ತೋರಿಸುತ್ತದೆ, ಪ್ರೋಗ್ರಾಮಿನಲ್ಲಿ ಒಂದು ಎಣಿಕೆಯಾದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇರೆ ಎಣಿಕೆ ತೆಗೆದುಕೊಳ್ಳದಂತೆ ಮಾಡಿ. ಅಡಿಕೆ ಮರದ ಕೆಳಗೆ ಇಟ್ಟರೆ ಏನೂ ಉಪಯೋಗವಿಲ್ಲ, ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದ ಬಯಲಲ್ಲಿ ಇರಬೇಕು, ಅಂಗಳ ಸಿಕ್ಕಿದರೆ ಒಳ್ಳೆಯದು. ಆಲಿಕೆಗೆ ಜಾಲರಿ ಹಾಕಿ, ಇಲ್ಲದಿದ್ದರೆ ತರಗೆಲೆ ಕಟ್ಟಿಕೊಳ್ಳುತ್ತದೆ. ಒಳಗೆ ಇರುವೆ, ಜೇಡ ಮನೆ ಮಾಡುತ್ತವೆ, ತಿಂಗಳಿಗೊಮ್ಮೆ ಬಿಚ್ಚಿ ನೋಡಲೇಬೇಕು. ಮಳೆಗಾಲದಲ್ಲಿ ಸೋಲಾರ್ ನಂಬಿ ಕೂರಬೇಡಿ. ಎಣಿಸುವಾಗ ಮಾತ್ರ ಎಚ್ಚರವಾಗಿ ಉಳಿದ ಹೊತ್ತು ಬಹುತೇಕ ಕರೆಂಟ್ ಬಳಸದ ಡೀಪ್ ಸ್ಲೀಪ್‌ನಲ್ಲಿ ಇರುವಂತೆ ಬರೆದರೆ ಬ್ಯಾಟರಿ ಬಹಳ ದಿನ ಬರುತ್ತದೆ, ಆದರೆ ಬೋರ್ಡಿನ ಮೇಲಿನ ಪುಟ್ಟ ಎಲ್‌ಇಡಿ ಮತ್ತು ರೆಗ್ಯುಲೇಟರ್ ಸುಮ್ನೆ ಕರೆಂಟ್ ತಿನ್ನುತ್ತವೆ ಅನ್ನುವುದು ನೆನಪಿರಲಿ. ಮನೆಯ ವೈಫೈ ಅಲ್ಲಿಯವರೆಗೆ ಬರದಿದ್ದರೆ ಲೋರಾ ಮಾಡ್ಯೂಲ್ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ) ತಗೊಳ್ಳಿ. ಕೊಳ್ಳುವಾಗ 865-868 ಮೆಗಾಹರ್ಟ್ಸ್‌ನದ್ದೇ ಕೇಳಿ, ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿರುವ ರೇಡಿಯೋ ಬ್ಯಾಂಡ್ ಅದು.

ಮಾಹಿತಿ ಎಲ್ಲಿ ಉಳಿಯಬೇಕು ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಯಾವುದೋ ಕಂಪನಿಯ ಆ್ಯಪಿನ ಗ್ರಾಫಿನಲ್ಲಿ ಅಲ್ಲ. ಸಾದಾ ಸಿಎಸ್‌ವಿ ಫೈಲಿನಲ್ಲಿ (ಯಾವ ಕಂಪ್ಯೂಟರಿನಲ್ಲೂ ತೆರೆಯುವ, ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ), ದಿನಕ್ಕೊಂದು ಸಾಲು: ತಾರೀಕು, ಮಿಲಿಮೀಟರ್, ಅದರ ಮುಂದೆ ಮಳೆ ನಕ್ಷತ್ರ. ಆರಿದ್ರಾ, ಪುನರ್ವಸು, ಪುಷ್ಯ ಅಂತ ಒಂದು ಕಾಲಂ ಸೇರಿಸಿ ನೋಡಿ. ನಿಮ್ಮ ತಂದೆಯ ಡೈರಿಯ ಲೆಕ್ಕವೂ ಅದೇ ಹಾಳೆಗೆ ಬರುತ್ತದೆ (ಇಂಚಿನಲ್ಲಿ ಬರೆದಿದ್ದರೆ 25.4ರಿಂದ ಗುಣಿಸಿ). ಪುಷ್ಯ ಮಳೆ ಹೋದ ದಶಕದಲ್ಲಿ ಹೇಗಿತ್ತು, ಈಗ ಹೇಗಿದೆ ಅಂತ ನಿಮ್ಮದೇ ತೋಟದ ಲೆಕ್ಕ ಕಣ್ಣ ಮುಂದೆ ಇರುತ್ತದೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದು ಕೆಲಸಕ್ಕೆ ಬರುವ ಲೆಕ್ಕ. ಮುಂಗಾರಿಗೆ ಮುಂಚೆ ಮೊದಲನೆಯದು, 40-45 ದಿನಕ್ಕೆ ಎರಡನೆಯದು ಅಂತ ಹೇಳುತ್ತಾರೆ, ಆದರೆ ಎರಡನೇ ಸಲಕ್ಕೆ ಹೊಳವು ಸಿಗಬೇಕಲ್ಲ! ಜುಲೈನಲ್ಲಿ ಯಾವ ವಾರ ಬಿಡುವು ಕೊಟ್ಟಿತ್ತು ಅನ್ನುವುದು ಹಿಂದಿನ ವರ್ಷಗಳ ಸಾಲಿನಲ್ಲಿ ಕಾಣುತ್ತದೆ. ಮುಂದಿನ ದಿನಗಳ ಮುನ್ಸೂಚನೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇದೆ. ಅವರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಆದರೂ ಪಂಚಾಯಿತಿಯ ಮಳೆ ಬೇರೆ, ಗುಡ್ಡದ ಆಚೆ ಇರುವ ನಿಮ್ಮ ತೋಟದ ಮಳೆ ಬೇರೆ.

ಪ್ರಶ್ನೆ: 2003ರ ಸುಮಾರಿಗೆ ನಮ್ಮ ತಾತ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದ ಬರಹಗಳು ಸಿಡಿಯಲ್ಲಿ ಸಿಕ್ಕಿವೆ. ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ಏನೇನೋ ಬರುತ್ತದೆ. ಫೈಲ್ ಹಾಳಾಗಿದೆಯಾ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಹಾಳಾಗಿಲ್ಲ, ಧೈರ್ಯವಾಗಿರಿ. ಆ ಕಾಲದಲ್ಲಿ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಕನ್ನಡಕ್ಕೆ ಅಂತ ಬೇರೆ ಸಂಕೇತ ಫೈಲಿನೊಳಗೆ ಇರುತ್ತಿರಲಿಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತವೇ, ಫಾಂಟು ಅದನ್ನು ಕನ್ನಡದ ತುಂಡುಗಳಾಗಿ ಬರೆದು ತೋರಿಸುತ್ತಿತ್ತು. ಫಾಂಟ್ ಇಲ್ಲದಿದ್ದರೆ ಬಣ್ಣ ಕಳಚಿದಂತೆ ಹಿಂದಿನದು ಕಾಣುತ್ತದೆ. ಗಮನವಿಟ್ಟು ನೋಡಿ, ತಲೆ ಮೇಲೆ ಓರೆ ಗೀಟಿರುವ ದೊಡ್ಡ ಎ ಅಕ್ಷರ ಹೆಜ್ಜೆಹೆಜ್ಜೆಗೂ ಬರುತ್ತಿದೆಯಲ್ಲ, ಅದೇ ತಲೆಕಟ್ಟು! ಇಂಗ್ಲಿಷಿನ ಪಿ ಮುಂದೆ ಅದು ಬಂದರೆ 'ಕ'. ಪೌಂಡ್ ಗುರುತಿನ ಮುಂದೆ ಬಂದರೆ 'ನ'.

ಹಾಗಾಗಿ ಮೊದಲು ಸಿಡಿಯಲ್ಲಿರುವುದನ್ನೆಲ್ಲ ಕಾಪಿ ಮಾಡಿಕೊಳ್ಳಿ, ಮೂಲ ಫೈಲನ್ನು ಮುಟ್ಟಬೇಡಿ. ಹಳೇ ನುಡಿ ಫಾಂಟ್ ಹಾಕಿ ತೆರೆದು ಏನೇನಿದೆ ನೋಡಿ. ಆಮೇಲೆ ಆಸ್ಕಿ ಅನ್ನುವ ಈ ಹಳೇ ಸಂಕೇತದಿಂದ ಈಗ ಎಲ್ಲೆಡೆ ನಡೆಯುವ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನ ಬಳಸಿ. ಇಂಥವು ಪುಕ್ಕಟೆ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಎರಡು ಕಡೆ ಕಣ್ಣಿಡಿ. ಅರ್ಕಾವೊತ್ತು ಇರುವ ಪದಗಳಲ್ಲಿ ಒಮ್ಮೊಮ್ಮೆ ಅಕ್ಷರ ಹಿಂದುಮುಂದಾಗಿರುತ್ತದೆ, ಏಕೆಂದರೆ ಹಳೇ ವಿಧಾನದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ. ತಾತ ನಡುವೆ ಇಂಗ್ಲಿಷ್ ಪದ ಬಳಸಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿ ಬದಲಾಗಿರುತ್ತದೆ, ಅದನ್ನು ಕೈಯಲ್ಲೇ ತಿದ್ದಬೇಕು. ಮುದ್ರಿತ ಹಾಳೆ ಮಾತ್ರ ಉಳಿದಿದ್ದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರ ಓದುವ ತಂತ್ರಾಂಶ ಟೆಸರಾಕ್ಟ್‌ಗೆ ಕೊಡಿ, ಕನ್ನಡ ಓದುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಮಾಡುತ್ತದೆ, ಆದರೂ ಪೂರ್ತಿ ಟೈಪ್ ಮಾಡುವುದಕ್ಕಿಂತ ಎಷ್ಟೋ ಮೇಲು. ದಯವಿಟ್ಟು ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ. ಅಷ್ಟು ಹಳೆಯ ಸಿಡಿ ಇನ್ನೂ ಓದಲು ಬರುತ್ತಿದೆ ಅನ್ನುವುದೇ ದೊಡ್ಡದು.

ಪ್ರಶ್ನೆ: ನಿಮ್ಮ ಅಚ್ಚುಮೆಚ್ಚಿನ ಗ್ಯಾಜೆಟ್ ಯಾವುದು?
– ಓದುಗರು, ಗದಗ

ಉತ್ತರ: ಮಲ್ಟಿಮೀಟರ್. ಅಡಾಪ್ಟರ್ ಸತ್ತಿದೆಯೋ ವಯರ್ ತುಂಡಾಗಿದೆಯೋ, ಇನ್ವರ್ಟರ್ ಬ್ಯಾಟರಿಯಲ್ಲಿ ವೋಲ್ಟೇಜ್ ಎಷ್ಟಿದೆ, ಎಲ್ಲವೂ ಕ್ಷಣದಲ್ಲಿ ಗೊತ್ತಾಗುತ್ತದೆ. ತುಂಡಾದ ವಯರಿಗೆ ಹೊಸ ಸಾಧನ ಕೊಂಡವರು ನಮ್ಮ ಸುತ್ತ ಎಷ್ಟು ಜನ! ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಕೆಂಪು ವಯರ್ 10 ಆಂಪ್ ತೂತಿನಲ್ಲಿ ಇರುವಾಗ ಮನೆಯ ಪ್ಲಗ್ಗಿಗೆ ಇಟ್ಟರೆ ನೇರ ಶಾರ್ಟ್ ಆಗುತ್ತದೆ, ಕೈ ಸುಡುತ್ತದೆ. ಅಳೆಯುವ ಮುಂಚೆ ಪ್ರತಿ ಸಲ ವಯರ್ ಯಾವ ತೂತಿನಲ್ಲಿದೆ ನೋಡಿ.

ಪ್ರಶ್ನೆ: ಅಪ್ಪ ಅಮ್ಮ ಉಡುಪಿಯಲ್ಲಿ, ನಾನು ದುಬೈನಲ್ಲಿ. ಅವರ ಕಂಪ್ಯೂಟರ್ ತೊಂದರೆಯನ್ನು ಇಲ್ಲಿಂದಲೇ ಸರಿಮಾಡುವುದು ಹೇಗೆ?
– ಓದುಗರು, ದುಬೈ

ಉತ್ತರ: ರಸ್ಟ್‌ಡೆಸ್ಕ್ ಹಾಕಿಕೊಡಿ, ಅವರ ಪರದೆ ನಿಮಗೆ ಕಾಣುತ್ತದೆ. ಆದರೆ ಬ್ಯಾಂಕಿನವರು ಅಂತ ಹೇಳಿಕೊಂಡು ಫೋನ್ ಮಾಡುವ ವಂಚಕರು ಹಾಕಿಸುವುದೂ ಇಂಥದೇ ಆ್ಯಪನ್ನು. ಆದ್ದರಿಂದ ಊರಿಗೆ ಹೋದಾಗ ನೀವೇ ಕೂತು ಹಾಕಿ. ಮಗ ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸದೆ ಅದನ್ನು ತೆರೆಯುವಂತಿಲ್ಲ ಅಂತ ಅಮ್ಮನ ಹತ್ತಿರ ಮಾತು ತಗೊಳ್ಳಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು ಅನ್ನುವುದನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಪ್ರಶ್ನೆ: ಇಂಜಿನಿಯರಿಂಗ್ ಕೊನೇ ವರ್ಷ. ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳಲು ಮನಸ್ಸಿಲ್ಲ. ಒಂದು ಐಡಿಯಾ ಕೊಡ್ತೀರಾ ಸರ್?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮೂರಿನ ನೀರುಗಂಟಿಯ ಜತೆ ಒಂದು ದಿನ ಓಡಾಡಿ. ಟ್ಯಾಂಕ್ ತುಂಬಿತೇ ಅಂತ ನೋಡಲು ಅವರು ಎಷ್ಟು ಸಲ ಹೋಗಿಬರುತ್ತಾರೆ ನೋಡಿ. ಟ್ಯಾಂಕಿನ ಮಟ್ಟವನ್ನು ಲೋರಾದಲ್ಲಿ ಅವರ ಮನೆಗೆ ಕಳಿಸಿ, ಅಲ್ಲಿ ಮೂರು ಬಣ್ಣದ ದೀಪ ಸಾಕು. ಫೋನೂ ಬೇಡ, ಆ್ಯಪೂ ಬೇಡ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಸಾದಾ ಅಲ್ಟ್ರಾಸೋನಿಕ್ ಸೆನ್ಸರ್ ಟ್ಯಾಂಕಿನ ಒಳಗಿನ ಹಬೆಗೆ ಬೇಗ ಕೆಡುತ್ತದೆ, ನೀರು ತಾಳುವ ನಮೂನೆಯದೇ ಕೊಳ್ಳಿ. ಅದಕ್ಕೆ ತೀರ ಹತ್ತಿರದ ನೀರು ಕಾಣುವುದಿಲ್ಲ, ಆದ್ದರಿಂದ ಟ್ಯಾಂಕ್ ಪೂರ್ತಿ ತುಂಬಿದಾಗ ನೀರು ನಿಲ್ಲುವ ಗೆರೆಗಿಂತ ಒಂದಡಿ ಮೇಲೆ ಕೂರಿಸಿ.