ಪ್ರಶ್ನೋತ್ತರ: ತುಂಡುಗಳ ನಡುವೆ ಹಾದುಹೋದವರು ಯಾರು?

ಪ್ರಶ್ನೆ: ಬೈಬಲಿನ ‘ಒಡಂಬಡಿಕೆ’ ಎಂದರೆ ದೇವರಿಗೂ ಮನುಷ್ಯನಿಗೂ ಆದ ಕರಾರು ತಾನೇ? ಹಾಗಾದರೆ ಹರಕೆಗೂ ಅದಕ್ಕೂ ಏನು ವ್ಯತ್ಯಾಸ?

ಉತ್ತರ: ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪದವೇ. ಒಡಂಬಡು ಎಂದರೆ ಒಪ್ಪು. ಹಾಗಾಗಿ ಇಬ್ಬರು ಸಮಾನರು ಕೂತು ಷರತ್ತು ಮಾತಾಡಿಕೊಂಡ ಚಿತ್ರ ಕಣ್ಣಿಗೆ ಬರುತ್ತದೆ. ಹೀಬ್ರೂ ಮೂಲದಲ್ಲಿರುವುದು ‘ಬೆರೀತ್’. ಅದನ್ನು ಗ್ರೀಕಿಗೆ ತಂದವರ ಮುಂದೆ ಎರಡು ಪದಗಳಿದ್ದವು: ಸಮಾನರ ಒಪ್ಪಂದಕ್ಕೆ ‘ಸುಂಥೇಕೆ’, ಒಬ್ಬನೇ ಬರೆದಿಡುವ ಉಯಿಲಿಗೆ ‘ದಿಯಾಥೇಕೆ’. ಅವರು ಆರಿಸಿಕೊಂಡದ್ದು ಎರಡನೆಯದನ್ನು. ಲ್ಯಾಟಿನ್ನಿನಲ್ಲಿ ಅದು ‘ತೆಸ್ತಮೆಂತುಮ್’ ಆಯಿತು. ಇಂಗ್ಲಿಷಿನವರು ಬೈಬಲಿನ ಎರಡು ಭಾಗಗಳನ್ನು ಟೆಸ್ಟಮೆಂಟ್ ಎನ್ನುವುದು ಅದರಿಂದಲೇ.

ಹರಕೆಯಲ್ಲಿ ‘ನೀನು ಕೊಟ್ಟರೆ ನಾನು ಕೊಡುತ್ತೇನೆ’ ಎಂದು ಮೊದಲು ಬಾಯಿ ತೆರೆಯುವವನು ಭಕ್ತ. ಒಡಂಬಡಿಕೆಯಲ್ಲಿ ಮೊದಲ ಮಾತು ದೇವರದು. ಹತ್ತು ಆಜ್ಞೆಗಳ ಆರಂಭ ನೋಡಿ (ಬೈಬಲಿನ ವಿಮೋಚನಕಾಂಡ, 20ನೆಯ ಅಧ್ಯಾಯ): ‘ನಿನ್ನನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದವನು ನಾನು’ ಎಂಬುದು ಮೊದಲು, ಆಜ್ಞೆಗಳು ಆಮೇಲೆ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಧರ್ಮ ವ್ಯಾಪಾರವಾಗುತ್ತದೆ. ‘ಇಷ್ಟು ಕಾಣಿಕೆ ಕೊಡಿ, ದೇವರು ಇಷ್ಟು ಪಾಲು ಹಿಂದಿರುಗಿಸುತ್ತಾನೆ’ ಎನ್ನುವ ಪ್ರಸಂಗಗಳು (ಆರಾಧನೆಯಲ್ಲಿ ಮಾಡುವ ಧರ್ಮೋಪದೇಶಗಳು) ಎಡವುವುದು ಇಲ್ಲಿಯೇ. ಹಾಗೆಂದು ಮನುಷ್ಯನಿಗೆ ಹೊಣೆಯೇ ಇಲ್ಲ ಎಂದಲ್ಲ. ಅರಣ್ಯಕಾಂಡ 18ರಲ್ಲಿ ‘ಉಪ್ಪಿನ ಒಡಂಬಡಿಕೆ’ ಎಂಬ ಮಾತಿದೆ. ಉಪ್ಪಿನ ಋಣ ಗೊತ್ತಿರುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಆದಿಕಾಂಡ 15ರಲ್ಲಿ ಪ್ರಾಣಿಗಳನ್ನು ಸೀಳಿ ಇಟ್ಟದ್ದು ಯಾಕೆ?

ಉತ್ತರ: ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ‘ಕಡಿಯುತ್ತಾರೆ’. ದೇವರ ಮಾತಿನಂತೆ ಅಬ್ರಾಮ (ಮುಂದೆ ಅಬ್ರಹಾಮ ಎನಿಸಿಕೊಂಡ ಮೂಲಪುರುಷ) ತಂದದ್ದು ಮೂರು ವರ್ಷದ ಕಡಸು, ಮೂರು ವರ್ಷದ ಮೇಕೆ, ಮೂರು ವರ್ಷದ ಟಗರು, ಒಂದು ಬೆಳವಕ್ಕಿ, ಒಂದು ಪಾರಿವಾಳದ ಮರಿ. ಹಕ್ಕಿಗಳನ್ನು ಬಿಟ್ಟು ಉಳಿದವನ್ನು ಎರಡಾಗಿ ಸೀಳಿ ಎದುರುಬದುರಾಗಿ ಇಟ್ಟ. ನಡುವೆ ಹಾದುಹೋಗುವವನು ‘ಮಾತಿಗೆ ತಪ್ಪಿದರೆ ನನಗೂ ಇದೇ ಗತಿ’ ಎಂದಂತೆ. ಇದು ಊಹೆಯಲ್ಲ. ಯೆರೆಮೀಯ 34ರಲ್ಲಿ, ದಾಸರನ್ನು ಬಿಡುತ್ತೇವೆಂದು ಕರುವಿನ ಹೋಳುಗಳ ನಡುವೆ ನಡೆದು, ಆಮೇಲೆ ಅವರನ್ನೇ ಮತ್ತೆ ಹಿಡಿದು ತಂದ ಯೆರೂಸಲೇಮಿನ ಮುಖಂಡರಿಗೆ ಪ್ರವಾದಿ ಇದನ್ನೇ ನೆನಪಿಸುತ್ತಾನೆ.

ಅಬ್ರಾಮ ಮಾತ್ರ ನಡೆಯಲಿಲ್ಲ. ಅವನಿಗೆ ಗಾಢನಿದ್ರೆ ಹತ್ತಿತ್ತು. ಹಾದುಹೋದದ್ದು ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು, ಅಂದರೆ ದೇವರ ಸಾನ್ನಿಧ್ಯ. ಶಾಪದ ಭಾರವನ್ನು ದೇವರೇ ಹೊತ್ತ ಎಂದು ಕ್ರೈಸ್ತರು ಇದನ್ನು ಶಿಲುಬೆಯ ಕಡೆಗೆ ತಿರುಗಿಸಿ ಓದುತ್ತಾರೆ. ಹತ್ತು ಆಜ್ಞೆಗಳು ಬಂದ ಸೀನಾಯಿ ಬೆಟ್ಟದ ಬಳಿ ಬಲಿಯ ರಕ್ತದ ಅರ್ಧ ವೇದಿಯ ಮೇಲೆ, ಅರ್ಧ ಜನರ ಮೇಲೆ ಬಿತ್ತು (ವಿಮೋಚನಕಾಂಡ 24). ಕಡೆಯ ಊಟದಲ್ಲಿ ಯೇಸು ಪಾತ್ರೆ ಹಿಡಿದು ‘ನನ್ನ ರಕ್ತ’, ‘ಹೊಸ ಒಡಂಬಡಿಕೆ’ ಎಂದಾಗ (ಲೂಕ 22:20) ಶಿಷ್ಯರ ಕಿವಿಯಲ್ಲಿ ಸೀನಾಯಿಯೂ ಹೊಸ ಒಡಂಬಡಿಕೆಯ ಮಾತು ಕೊಟ್ಟ ಯೆರೆಮೀಯ 31 ಕೂಡ ಮೊಳಗಿರಬೇಕು.

ಪ್ರಶ್ನೆ: ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಒಡಂಬಡಿಕೆಯೊಳಗೆ ಸೇರುತ್ತದೆಯೇ?

ಉತ್ತರ: ಇದರಲ್ಲಿ ಕ್ರೈಸ್ತ ಸಭೆಗಳು (ಚರ್ಚುಗಳು) ಒಂದೇ ಅಭಿಪ್ರಾಯಕ್ಕೆ ಬಂದಿಲ್ಲ. ಎಂಟನೆಯ ದಿನದ ಸುನ್ನತಿ ಅಬ್ರಹಾಮನ ಮನೆಯ ಗುರುತಾಗಿತ್ತಲ್ಲ, ಅದರ ಸ್ಥಾನಕ್ಕೆ ದೀಕ್ಷಾಸ್ನಾನ ಬಂದಿದೆ, ಆದ್ದರಿಂದ ಶಿಶುವಿಗೂ ಸಲ್ಲುತ್ತದೆ ಎಂಬುದು ಸುಧಾರಿತ (ರಿಫಾರ್ಮ್ಡ್) ಸಭೆಗಳ ವಾದ; ಆಧಾರ ಕೊಲೊಸ್ಸೆ 2:11-12. ಕಥೋಲಿಕರೂ ಶಿಶುಗಳಿಗೆ ಕೊಡುತ್ತಾರೆ. ನಂಬಿಕೆಯನ್ನು ಸ್ವತಃ ಹೇಳಬಲ್ಲವರಿಗೆ ಮಾತ್ರ ಎಂದು 1525ರಲ್ಲಿ ಜ್ಯೂರಿಕ್‌ನಲ್ಲಿ ಬೇರೆಯಾದ ಅನಾಬ್ಯಾಪ್ಟಿಸ್ಟರ ವಾದವನ್ನು ಇಂದು ಬ್ಯಾಪ್ಟಿಸ್ಟರೂ ಪೆಂತೆಕೊಸ್ತ ಸಭೆಗಳೂ ಹಿಡಿದಿವೆ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಪ್ಪುತ್ತಾರೆ: ಮನೆತನದ ಹೆಸರು ಸಾಲದು.

ಪ್ರಶ್ನೆ: ಹೊಸ ವರ್ಷದಲ್ಲಿ ನಮ್ಮ ಸಭೆಯಲ್ಲಿ ಒಡಂಬಡಿಕೆಯ ಆರಾಧನೆ ಇದೆ. ನಡೆಸುವುದು ಹೇಗೆ?

ಉತ್ತರ: ದೇವರಿಗೆ ತಮ್ಮನ್ನು ಮತ್ತೆ ಒಪ್ಪಿಸಿಕೊಳ್ಳುವ ಆರಾಧನೆ ಇದು. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಶುರುಮಾಡಿದ ಪದ್ಧತಿ ಇದು. ಮೈಸೂರು ಸೀಮೆಗೆ ವೆಸ್ಲಿಯನ್ ಮಿಷನ್ ಬಂದಿತ್ತು. ಆ ಪರಂಪರೆ 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಸೇರಿತು. ಕ್ರಮ: ಸ್ತುತಿ, ಕೃತಜ್ಞತೆ, ಪಾಪನಿವೇದನೆ, ಒಡಂಬಡಿಕೆಯ ಪ್ರಾರ್ಥನೆ, ಕೊನೆಗೆ ಕರ್ತನ ಭೋಜನ (ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು). ‘ನಾನು ಇನ್ನು ನನ್ನವನಲ್ಲ, ನಿನ್ನವನು, ಕೆಲಸಕ್ಕೆ ಹಚ್ಚು, ಇಲ್ಲವೇ ಬದಿಗಿಡು’ ಎಂಬುದು ಪ್ರಾರ್ಥನೆಯ ತಿರುಳು. ‘ಬದಿಗಿಡು’ ಎನ್ನುವುದು ಸುಲಭದ ಮಾತಲ್ಲ. ಆದ್ದರಿಂದ ಪಠ್ಯವನ್ನು ಒಂದು ವಾರ ಮೊದಲೇ ಮನೆಗೆ ಕೊಡಿ. ಆ ಕ್ಷಣದಲ್ಲಿ ಹಾಳೆ ಹಂಚಿದರೆ ಜನ ಓದುತ್ತಾರೆ ಅಷ್ಟೇ, ಪ್ರಾರ್ಥಿಸುವುದಿಲ್ಲ. ಆ ಪ್ರಾರ್ಥನೆಗೆ ಮುಂಚೆ ಎರಡು ನಿಮಿಷವಾದರೂ ಮೌನ ಇರಲಿ, ಕೀಬೋರ್ಡ್ ಕೂಡ ನುಡಿಯದಿರಲಿ. ಪ್ರಸಂಗ ಹೊಸ ವರ್ಷದ ಸಂಕಲ್ಪಗಳ ಪಟ್ಟಿಯಾಗದಂತೆ ನೋಡಿಕೊಳ್ಳಿ. ಹೊತ್ತಾಯಿತೆಂದು ಕರ್ತನ ಭೋಜನವನ್ನು ಮುಂದಿನ ವಾರಕ್ಕೆ ತಳ್ಳಬೇಡಿ. ತಳ್ಳಿದರೆ ಮನುಷ್ಯರ ಮಾತು ಮುಗಿದು ದೇವರ ಮಾತು ಬಾಕಿ ಉಳಿಯುತ್ತದೆ. ಎಲ್ಲರೂ ಎದ್ದು ನಿಲ್ಲಿ ಎಂದು ಒತ್ತಾಯಿಸುವುದೂ ಬೇಡ, ಕೂತವರು ಕೂತಿರಲಿ.